ಉಕ್ರೇನ್ ಲೆನಿನ್ ಕೊಟ್ಟ ದೇಶವೇ?

ದಾವಣಗೆರೆಯ ಓದುಗರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಯುದ್ಧದ ಕುರಿತು ನಾವು ಪ್ರಕಟಿಸಿದ ಲೇಖನದಲ್ಲಿ ಉಕ್ರೇನಿಯನ್ನರನ್ನು ಬೇರೆಯೇ ಜನ ಎಂದು ಕರೆದದ್ದು ಅವರಿಗೆ ಒಪ್ಪಿಗೆಯಾಗಿಲ್ಲ. ಅವರು ಹೇಳುವುದು ಇಷ್ಟು: ಉಕ್ರೇನ್ ಲೆನಿನ್ ಗೆರೆ ಎಳೆದು ಮಾಡಿದ ದೇಶ. ಅಲ್ಲಿನವರೂ ರಷ್ಯನ್ನರೂ ಒಂದೇ ಜನ. ಉಕ್ರೇನಿನ ಅಧ್ಯಕ್ಷ ಝೆಲೆನ್ಸ್ಕಿಯೇ ರಷ್ಯನ್ ಮಾತಾಡುತ್ತ ಬೆಳೆದವರು. ಕಪ್ಪು ಸಮುದ್ರದ ಪರ್ಯಾಯ ದ್ವೀಪ ಕ್ರೈಮಿಯವಂತೂ ಮೊದಲಿನಿಂದಲೂ ರಷ್ಯಾದ್ದೇ. ಮತ್ತೆ ಬೇರೆ ರಾಷ್ಟ್ರ ಎಲ್ಲಿಂದ ಬಂತು?

ಪತ್ರ ಬರೆದವರೇ, ನಿಮ್ಮಂತೆ ಯೋಚಿಸುವವರು ಬಹಳ ಮಂದಿ ಇದ್ದಾರೆ. ಅದಕ್ಕೇ ಸ್ವಲ್ಪ ವಿವರವಾಗಿ ಉತ್ತರಿಸುತ್ತೇನೆ.

ಮೊದಲು ಲೆನಿನ್ ವಿಷಯ. 2022ರ ಫೆಬ್ರುವರಿಯಲ್ಲಿ, ಯುದ್ಧ ಶುರುವಾಗುವ ಮೂರು ದಿನ ಮುಂಚೆ, ಪುಟಿನ್ ತಮ್ಮ ಭಾಷಣದಲ್ಲಿ ಇದನ್ನೇ ಹೇಳಿದ್ದರು. ಆದರೆ ತಾರೀಕುಗಳು ಬೇರೆ ಕಥೆ ಹೇಳುತ್ತವೆ. ರಷ್ಯಾದ ದೊರೆ, ಅಂದರೆ ತ್ಸಾರ್, ಪದವಿ ಬಿಟ್ಟದ್ದು 1917ರ ಮಾರ್ಚ್‌ನಲ್ಲಿ. ಅದೇ ತಿಂಗಳು ಕೀವ್‌ನಲ್ಲಿ ‘ಸೆಂಟ್ರಲ್ ರಾಡಾ’ ಎಂಬ ಪ್ರತಿನಿಧಿ ಸಭೆ ಹುಟ್ಟಿತು. ನವೆಂಬರ್‌ನಲ್ಲಿ ಅದು ಉಕ್ರೇನನ್ನು ಜನರ ಗಣರಾಜ್ಯ ಎಂದು ಸಾರಿತು. 1918ರ ಜನವರಿಯಲ್ಲಿ ಪೂರ್ಣ ಸ್ವಾತಂತ್ರ್ಯ ಘೋಷಿಸಿತು. ಸೋವಿಯತ್ ಒಕ್ಕೂಟ ಹುಟ್ಟಿದ್ದು 1922ರ ಕೊನೆಗೆ. ಲೆನಿನ್ ಪಕ್ಷದವರಾದ ಬೊಲ್ಶೆವಿಕ್ಕರು ಸೇನೆ ಕಳಿಸಿ ಕೀವ್ ಹಿಡಿದರು, ಕಳೆದುಕೊಂಡರು, ಮತ್ತೆ ಹಿಡಿದರು. ಇಷ್ಟು ಬಡಿದಾಡಿದ ಮೇಲೆ ಲೆನಿನ್‌ಗೆ ಒಂದು ಸಂಗತಿ ಮನದಟ್ಟಾಯಿತು: ಉಕ್ರೇನ್ ಹೆಸರಿನ ಗಣರಾಜ್ಯ ಕೊಡದೆ ಈ ಜನರನ್ನು ಆಳುವುದು ಕಷ್ಟ. ಅವರು ದೇಶವನ್ನು ಕೊಡಲಿಲ್ಲ, ಅಲ್ಲಿ ಆಗಲೇ ಇದ್ದ ಹಟಕ್ಕೆ ಸ್ವಲ್ಪ ಜಾಗ ಬಿಟ್ಟರು.

ಹಳೆಯ ಕಾಲಕ್ಕೆ ಹೋದರೆ ನಿಮ್ಮ ಮಾತಿನಲ್ಲಿ ಅರ್ಧ ನಿಜವಿದೆ. ಕೀವ್ ರಾಜಧಾನಿಯಾಗಿದ್ದ ರುಸ್ ರಾಜ್ಯ, 988ರಲ್ಲಿ ಅದರ ದೊರೆ ಕ್ರೈಸ್ತ ಮತಕ್ಕೆ ಸೇರಿದ್ದು, ಇದು ರಷ್ಯನ್ನರು, ಬೆಲರೂಸಿಯನ್ನರು, ಉಕ್ರೇನಿಯನ್ನರು ಮೂವರಿಗೂ ಸೇರಿದ ನೆನಪು. 1240ರಲ್ಲಿ ಮಂಗೋಲರು ಕೀವನ್ನು ಹಾಳುಗೆಡವಿದ ಮೇಲೆ ದಾರಿ ಬೇರೆಯಾಯಿತು. ಉಕ್ರೇನಿನ ಬಹುಭಾಗ ನೂರಾರು ವರ್ಷ ಲಿಥುವೇನಿಯ, ಆಮೇಲೆ ಪೋಲೆಂಡಿನ ಕೈಯಲ್ಲಿತ್ತು. 1648ರಲ್ಲಿ ಬೊಹ್ದಾನ್ ಖ್ಮೆಲ್ನಿಟ್ಸ್ಕಿಯ ನಾಯಕತ್ವದಲ್ಲಿ ಕೊಸಾಕರೆಂಬ ಹೋರಾಟಗಾರ ಸಮುದಾಯದವರು ಪೋಲೆಂಡಿನ ವಿರುದ್ಧ ದಂಗೆ ಎದ್ದರು. ಆ ದಂಗೆಯಲ್ಲಿ ಯಹೂದಿಗಳ ದೊಡ್ಡ ಹತ್ಯಾಕಾಂಡವೂ ನಡೆಯಿತು, ಅದನ್ನು ಮುಚ್ಚಿಡಬಾರದು. 1654ರಲ್ಲಿ ಖ್ಮೆಲ್ನಿಟ್ಸ್ಕಿ ಮಾಸ್ಕೋದ ತ್ಸಾರ್‌ನ ಆಸರೆ ಕೇಳಿದ. ಕೊಸಾಕರಿಗಿದ್ದ ಸ್ವಂತ ಆಡಳಿತವನ್ನು ಕ್ಯಾಥರೀನ್ ರಾಣಿ 1764ರಲ್ಲಿ ತೆಗೆದುಹಾಕಿದಳು. 1775ರಲ್ಲಿ ಜಪೊರೀಜಿಯದ ಕೊಸಾಕ್ ನೆಲೆಯನ್ನೇ ಕೆಡವಿಸಿದಳು.

ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸುವುದು ಅದರ ನಂತರದ ಶತಮಾನ. ಉಕ್ರೇನಿನ ಕವಿ ತರಾಸ್ ಶೆವ್ಚೆಂಕೊ ಹುಟ್ಟಿದ್ದು 1814ರಲ್ಲಿ, ಜೀತದ ಮನೆಯಲ್ಲಿ. ಚಿತ್ರ ಬರೆಯುವ ಕೈಗುಣ ಇತ್ತು. ಪೀಟರ್ಸ್‌ಬರ್ಗಿನ ಹೆಸರಾಂತ ಕಲಾವಿದ ಬ್ರ್ಯೂಲೊವ್ ಒಂದು ಭಾವಚಿತ್ರ ಬರೆದುಕೊಟ್ಟ. ಅದನ್ನು ಲಾಟರಿಗೆ ಇಟ್ಟು, ಬಂದ ದುಡ್ಡಿನಲ್ಲಿ 1838ರಲ್ಲಿ ಈ ಹುಡುಗನನ್ನು ಬಿಡಿಸಿದರು. ಅವನ ಬೆಲೆ 2,500 ರೂಬಲ್. ಹಾಗೆ ಬಿಡಿಸಿದವರಲ್ಲಿ ರಷ್ಯನ್ನರು ಇದ್ದರು ಅನ್ನುವುದನ್ನೂ ನೆನಪಿಡಬೇಕು. ಎರಡೇ ವರ್ಷದಲ್ಲಿ ಅವನ ಮೊದಲ ಕವನ ಸಂಕಲನ ಬಂತು, ಹಳ್ಳಿಯವರು ಆಡುವ ಉಕ್ರೇನಿಯನ್ ಭಾಷೆಯಲ್ಲಿ. 1847ರಲ್ಲಿ ಅವನನ್ನು ಬಂಧಿಸಿ, ಸಾಮಾನ್ಯ ಸಿಪಾಯಿಯನ್ನಾಗಿ ಮಾಡಿ ದೂರದ ಒರೆನ್‌ಬರ್ಗ್ ಕಡೆಗೆ ಅಟ್ಟಿದರು. ಬರೆಯುವಂತಿಲ್ಲ, ಚಿತ್ರ ಬಿಡಿಸುವಂತಿಲ್ಲ ಎಂದು ತ್ಸಾರ್ ಒಂದನೇ ನಿಕೊಲಸ್ ತನ್ನ ಕೈಯಾರೆ ಆದೇಶಕ್ಕೆ ಸೇರಿಸಿದ. ಶೆವ್ಚೆಂಕೊ ಪುಟ್ಟ ಪುಟ್ಟ ಪುಸ್ತಕ ಕಟ್ಟಿ, ಬೂಟಿನೊಳಗೆ ಬಚ್ಚಿಟ್ಟುಕೊಂಡು ಬರೆದ. ಹತ್ತು ವರ್ಷ ಹೀಗೆ ಕಳೆಯಿತು.

ಅವನು ತೀರಿಕೊಂಡ ಎರಡು ವರ್ಷಕ್ಕೆ, 1863ರಲ್ಲಿ, ರಷ್ಯಾದ ಗೃಹಮಂತ್ರಿ ವಲೂಯೆವ್ ಒಂದು ಸುತ್ತೋಲೆ ಹೊರಡಿಸಿದ. ಇಂಥ ಬೇರೆ ಭಾಷೆ ಹಿಂದೆ ಇರಲಿಲ್ಲ, ಈಗಲೂ ಇಲ್ಲ, ಮುಂದೆ ಇರಲೂ ಆಗದು ಎಂಬ ಮಾತು ಅದರಲ್ಲಿದೆ. ಜನಸಾಮಾನ್ಯರಿಗೆ ಓದು ಕಲಿಸುವ ಪುಸ್ತಕ, ಧರ್ಮದ ಪುಸ್ತಕ ಆ ಭಾಷೆಯಲ್ಲಿ ಅಚ್ಚಾಗಬಾರದು ಎಂಬ ಕಟ್ಟಳೆಯೂ ಇದೆ. 1876ರಲ್ಲಿ ಎರಡನೇ ಅಲೆಕ್ಸಾಂಡರ್ ಇನ್ನೂ ಬಿಗಿ ಮಾಡಿದ. ಹೊರಗಿನಿಂದ ಪುಸ್ತಕ ತರಿಸುವಂತಿಲ್ಲ, ನಾಟಕ ಆಡುವಂತಿಲ್ಲ, ಸ್ವರಲಿಪಿಯ ಜೊತೆ ಹಾಡಿನ ಸಾಲು ಅಚ್ಚು ಹಾಕುವಂತಿಲ್ಲ. ಇಲ್ಲದ ಭಾಷೆಗೆ ಇಷ್ಟೆಲ್ಲ ಕಾವಲು ಯಾಕೆ ಬೇಕಿತ್ತು, ನೀವೇ ಯೋಚಿಸಿ.

ಕೀವ್‌ನಲ್ಲಿ ಬಾಯಿ ಕಟ್ಟಿದರೆ ಲ್ವೀವ್‌ನಲ್ಲಿ ಅಚ್ಚಾಗುತ್ತಿತ್ತು. ಆ ಊರು ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು. ಮಿಖೈಲೊ ಹ್ರುಶೆವ್ಸ್ಕಿ ಎಂಬ ಚರಿತ್ರೆಕಾರ 1894ರಲ್ಲಿ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಹೋದರು. ತಮ್ಮ ಜನರ ಚರಿತ್ರೆಯನ್ನು ಸಂಪುಟಗಟ್ಟಲೆ ಬರೆಯಲು ಕೂತರು. 1917ರಲ್ಲಿ ಸೆಂಟ್ರಲ್ ರಾಡಾದ ಅಧ್ಯಕ್ಷರಾದದ್ದು ಇವರೇ.

ಸೋವಿಯತ್ ಕಾಲದ ಮೊದಲ ಹತ್ತು ವರ್ಷ ಶಾಲೆ, ಪತ್ರಿಕೆ, ರಂಗಭೂಮಿ ಎಲ್ಲ ಉಕ್ರೇನಿಯನ್‌ನಲ್ಲಿ ಅರಳಿದವು. ಆಮೇಲೆ ಸ್ಟಾಲಿನ್ ಕೈ ಬಿಗಿಯಿತು. 1932-33ರಲ್ಲಿ ಹಳ್ಳಿಗಳಿಂದ ಧಾನ್ಯ ಬಾಚಿಕೊಂಡು ಹೋದರು. ಹಸಿದವರು ಗಡಿ ದಾಟಿ ಹೋಗದಂತೆ 1933ರ ಜನವರಿಯಲ್ಲಿ ತಡೆದರು. ಉಕ್ರೇನಿನಲ್ಲಿ ಸತ್ತವರು 35ರಿಂದ 40 ಲಕ್ಷ ಎನ್ನುವುದು ಹೆಚ್ಚಿನ ಚರಿತ್ರೆಕಾರರ ಅಂದಾಜು. ಕಜಕಸ್ತಾನದಲ್ಲೂ, ರಷ್ಯಾದ ಹಳ್ಳಿಗಳಲ್ಲೂ ಜನ ಸತ್ತರು, ನಿಜ. ಆದರೆ ಉಕ್ರೇನಿನಲ್ಲಿ ಹಸಿವಿನ ಜೊತೆಗೇ ಬರಹಗಾರರ, ಶಿಕ್ಷಕರ ಬೇಟೆಯೂ ನಡೆಯಿತು. ದೊಡ್ಡ ರಂಗನಿರ್ದೇಶಕ ಲೆಸ್ ಕುರ್ಬಾಸ್‌ರನ್ನು 1937ರಲ್ಲಿ ಗುಂಡಿಟ್ಟು ಕೊಂದರು. ಅದನ್ನು ಸುಮ್ನೆ ಆಡಳಿತದ ಎಡವಟ್ಟು ಅನ್ನಲು ನನ್ನಿಂದಾಗದು.

ಇನ್ನು ಝೆಲೆನ್ಸ್ಕಿ. ಹೌದು, ಕ್ರಿವಿ ರಿಹ್ ಊರಿನ ರಷ್ಯನ್ ಮಾತಾಡುವ ಯಹೂದಿ ಕುಟುಂಬದವರು. 2019ರ ಅಧ್ಯಕ್ಷ ಚುನಾವಣೆಯಲ್ಲಿ ಸುಮಾರು ನೂರಕ್ಕೆ 73ರಷ್ಟು ಮತ ಪಡೆದು ಗೆದ್ದರು. ಇದು ನಿಮ್ಮ ವಾದಕ್ಕೆ ಬಲ ಕೊಡುವುದಿಲ್ಲ, ಅಲ್ವಾ? ಮನೆಯಲ್ಲಿ ಯಾವ ಭಾಷೆ ಆಡಿದರೂ ತಾನು ಈ ದೇಶದವನು ಎನ್ನುವ ಜನ ಅಲ್ಲಿ ಲಕ್ಷಗಟ್ಟಲೆ ಇದ್ದಾರೆ. ಖಾರ್ಕಿವ್ ಅಂಥ ಊರು. ಬೀದಿಯಲ್ಲಿ ಕೇಳಿಸುತ್ತಿದ್ದದ್ದು ಹೆಚ್ಚಾಗಿ ರಷ್ಯನ್ನೇ. 2022ರ ಮಾರ್ಚ್ 1ರಂದು ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದದ್ದು ಅಲ್ಲೇ. ರಷ್ಯನ್ ಮಾತಾಡುವವರನ್ನು ಕಾಪಾಡುತ್ತೇವೆ ಎಂದು ಬಂದ ಸೇನೆ ಆ ಊರಿಗೇ ಗುಂಡು ಹಾರಿಸಿತು, ಊರಿನವರು ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ.

ಕೊನೆಯದು ಕ್ರೈಮಿಯ. ರಷ್ಯಾ ಅದನ್ನು ಸೇರಿಸಿಕೊಂಡದ್ದು 1783ರಲ್ಲಿ. ಅದಕ್ಕೆ ಮುಂಚೆ ಮುನ್ನೂರು ವರ್ಷಕ್ಕೂ ಮಿಕ್ಕಿ ಅಲ್ಲಿ ತಾತಾರ ಖಾನರ ರಾಜ್ಯವಿತ್ತು. 1944ರ ಮೇ ತಿಂಗಳಲ್ಲಿ ಸ್ಟಾಲಿನ್ ಆ ತಾತಾರರನ್ನೆಲ್ಲ ರೈಲಿಗೆ ತುಂಬಿ ಮುಖ್ಯವಾಗಿ ಉಜ್ಬೆಕಿಸ್ತಾನಕ್ಕೆ ಸಾಗಿಸಿದ. ದೊಡ್ಡ ಸಂಖ್ಯೆಯಲ್ಲಿ ಅವರು ಊರಿಗೆ ಮರಳಲು ಆದದ್ದು 1980ರ ದಶಕದ ಕೊನೆಗೆ. 1991ರ ಡಿಸೆಂಬರ್ 1ರಂದು ಸ್ವಾತಂತ್ರ್ಯ ಬೇಕೇ ಎಂದು ಇಡೀ ಉಕ್ರೇನನ್ನು ಕೇಳಿದಾಗ ನೂರಕ್ಕೆ 90ಕ್ಕಿಂತ ಹೆಚ್ಚು ಜನ ಬೇಕು ಎಂದರು. ಪೂರ್ವದ ಡೊನೆಟ್ಸ್ಕ್, ಲುಹಾನ್ಸ್ಕ್ ಪ್ರಾಂತಗಳಲ್ಲೂ ಅದು 80 ದಾಟಿತು. ರಷ್ಯನ್ನರೇ ಹೆಚ್ಚಿದ್ದ ಕ್ರೈಮಿಯದಲ್ಲೂ ಮತ ಹಾಕಿದವರಲ್ಲಿ ನೂರಕ್ಕೆ 54 ಮಂದಿ ಹೌದು ಎಂದೇ ಗುರುತು ಹಾಕಿದ್ದರು.