ಕಾಫಿಗೆ ಚಿಕೋರಿ ಎಷ್ಟು?

ಪ್ರಶ್ನೆ: ಸರ್, ಮಗಳು ಎಸ್ಸೆಸ್ಸೆಲ್ಸಿ. ಕೆಜಿಗೆ 800 ರೂಪಾಯಿ ಕಾಫಿಪುಡಿ, 300 ರೂಪಾಯಿ ಚಿಕೋರಿ ಬೆರೆಸಿ ಕೆಜಿಗೆ 700 ಬೀಳೋ ಹಾಗೆ 10 ಕೆಜಿ ಮಾಡ್ಬೇಕು, ಯಾವ್ದು ಎಷ್ಟು ಅಂತ ಲೆಕ್ಕ. ಸಮೀಕರಣ ಕೊಟ್ರೆ ಬಿಡಿಸ್ತಾಳೆ, ಅದನ್ನ ಬರೆಯೋಕೇ ಬರಲ್ಲ. ಏನ್ ಮಾಡೋದು?
– ಒಬ್ಬ ತಾಯಿ, ಹಾಸನ

ಉತ್ತರ: ಎಲ್ರಿಗೂ ತೊಡಕಾಗೋದು ಅಲ್ಲೇ ಮೇಡಂ, ಮಕ್ಳು ಎಕ್ಸ್, ವೈ ಅಂತ ಎರಡೆರಡು ಇಟ್ಕೊಂಡು ಕೂತ್ಬಿಡ್ತಾರೆ, ಒಟ್ಟು 10 ಅಂತ ಗೊತ್ತಿರೋವಾಗ ಒಂದೇ ಸಾಕು. ಕಾಫಿ ಎಕ್ಸ್ ಕೆಜಿ ಆದ್ರೆ ಚಿಕೋರಿ 10 – ಎಕ್ಸ್. ಈಗ ದುಡ್ಡು ನೋಡಿ: 800ಎಕ್ಸ್ + 300(10 – ಎಕ್ಸ್) = 7000. ಅಲ್ಲಿಗೆ 500ಎಕ್ಸ್ = 4000, ಕಾಫಿ 8 ಕೆಜಿ, ಚಿಕೋರಿ 2. ಬಲಗಡೆ ಬರೀ 700 ಬರೆದು ಕೆಡಿಸ್ಕೊಳ್ಳೋರೇ ಜಾಸ್ತಿ, ಅದು ಒಂದು ಕೆಜಿ ರೇಟು, ಎಡಗಡೆ ಇರೋದು 10 ಕೆಜಿ ದುಡ್ಡು.

ಇನ್ನೊಂದು ಥರದ್ದೂ ಬರುತ್ತೆ. 5 ಕೆಜಿ ಪುಡೀಲಿ 60 ಪರ್ಸೆಂಟ್ ಕಾಫಿ ಇದೆ, 75 ಆಗೋಕೆ ಇನ್ನೆಷ್ಟು ಕಾಫಿ ಸೇರಿಸ್ಬೇಕು ಅಂತ. ಇಲ್ಲಿ ಬದಲಾಗ್ದೇ ಇರೋದನ್ನ ಹಿಡ್ಕೊಳ್ಳಿ, ಕಾಫಿ 3 ಕೆಜಿ, ಉಳಿದ ಚಿಕೋರಿ ಮೊದ್ಲೂ 2 ಕೆಜಿ, ಆಮೇಲೂ 2, ಅದು ಕಾಲು ಭಾಗ ಆಗ್ಬೇಕಂದ್ರೆ ಒಟ್ಟು 8 ಕೆಜಿ ಇರ್ಬೇಕು, ಅಂದ್ರೆ 3 ಕೆಜಿ ಸೇರಿಸಿದ್ರಾಯ್ತು. ಪರೀಕ್ಷೇಲಿ ಮಾತ್ರ, ಸೇರಿಸೋ ಕಾಫಿ ಎಕ್ಸ್ ಕೆಜಿ ಅಂತ ಇಟ್ಕೊಂಡು, 3 + ಎಕ್ಸ್ = 0.75(5 + ಎಕ್ಸ್) ಅಂತ ಬರೀಲಿ.

ಅಂದಹಾಗೆ ನಮ್ ದೇಶದ ಕಾನೂನಲ್ಲಿ ಕಾಫಿ-ಚಿಕೋರಿ ಪುಡೀಲಿ ಕಾಫಿ ಕನಿಷ್ಠ 51 ಪರ್ಸೆಂಟ್ ಇರ್ಲೇಬೇಕು. ಮೊದಲ್ನೇ ಲೆಕ್ಕದಲ್ಲಿ 700 ಬದ್ಲು 400 ಕೊಟ್ರೆ ಕಾಫಿ ಬರೀ 2 ಕೆಜಿ ಬರುತ್ತೆ, ಲೆಕ್ಕ ಸರಿ, ಮಾರೋಹಾಗಿಲ್ಲ ಅಷ್ಟೇ!