ಟೂರಿಸ್ಟ್ ವೀಸಾದಲ್ಲಿ ಬಾ ಅಂತಿದಾರೆ, ಕಳಿಸ್ಬೋದಾ?

ಪ್ರಶ್ನೆ: ಅಕ್ಕನ ಮಗ ಬಿಕಾಂ ಮುಗಿಸಿ ಮನೇಲಿದಾನೆ. ಟೆಲಿಗ್ರಾಂನಲ್ಲಿ ಸಿಕ್ಕ ಏಜೆಂಟು ಬ್ಯಾಂಕಾಕಲ್ಲಿ ಡೇಟಾ ಎಂಟ್ರಿ ಕೆಲ್ಸ, 80 ಸಾವಿರ ಸಂಬಳ, ಈಗ ಟೂರಿಸ್ಟ್ ಆಗಿ ಬಾ, ವರ್ಕ್ ಪರ್ಮಿಟ್ ಇಲ್ಲಿ ಮಾಡಿಸ್ತೀವಿ ಅಂತಾನೆ. ಕಳಿಸ್ಬೋದಾ?
— ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಕಳಿಸ್ಬೇಡಿ ಮೇಡಂ. ಟೂರಿಸ್ಟ್ ಆಗಿ ಹೋದೋರು ಅಲ್ಲಿ ಸಂಬಳಕ್ಕೆ ದುಡಿಯೋ ಹಾಗೇ ಇಲ್ಲ. ಎಷ್ಟೋ ಹುಡುಗ್ರು ಸಿಕ್ಕಾಕೊಂಡಿದ್ದು ಇದೇ ದಾರೀಲಿ. ಏರ್‌ಪೋರ್ಟಿಗೆ ಕಾರು ಬರುತ್ತೆ, ಆಫೀಸಿಗೆ ಅಂತ ಹತ್ತಿಸ್ಕೊಂಡು ಗಂಟೆಗಟ್ಲೆ ಓಡಿಸಿ ಗಡೀಲಿರೋ ಮೇ ಸೋಟ್ ಊರಿಗೆ ತರ್ತಾರೆ, ಅಲ್ಲಿಂದ ಮೋಯಿ ನದಿ ದಾಟಿಸಿದ್ರೆ ಮ್ಯಾನ್ಮಾರಿನ ಮ್ಯಾವಾಡಿ, ಕೆಕೆ ಪಾರ್ಕ್ ಥರ ಜನರನ್ನ ಕೂಡಿಹಾಕಿ ಆನ್‌ಲೈನ್ ಮೋಸ ಮಾಡ್ಸೋ ಕಾಂಪೌಂಡುಗಳು ಇರೋ ಜಾಗ. ಪಾಸ್‌ಪೋರ್ಟ್ ಕಿತ್ಕೋತಾರೆ, ಹುಡುಗನ ಹತ್ರ ಮ್ಯಾನ್ಮಾರ್ ವೀಸಾನೂ ಇರಲ್ಲ, ಹೊರಗೆ ಬಂದ್ರೆ ಅವನೇ ಅಕ್ರಮವಾಗಿ ಬಂದೋನು ಅನ್ನಿಸ್ಕೋತಾನೆ, ಆ ಹೆದರಿಕೇನೇ ಅವನ್ನ ಕಟ್ಟಿಹಾಕುತ್ತೆ. ಕೆಲ್ಸ ಏನಂದ್ರೆ ಹುಡುಗಿ ಹೆಸರಲ್ಲಿ ಫೇಕ್ ಪ್ರೊಫೈಲ್ ಮಾಡಿ ಯಾರನ್ನೋ ನಂಬಿಸಿ ಕ್ರಿಪ್ಟೋಗೆ ದುಡ್ಡು ಹಾಕ್ಸೋದು. ಟಾರ್ಗೆಟ್ ಆಗ್ಲಿಲ್ಲ ಅಂದ್ರೆ ಹೊಡೆತ, ಕರೆಂಟ್ ಶಾಕ್, ಬಿಡಿ ಅಂದ್ರೆ ಮನೆಯವರ ಹತ್ರ ಲಕ್ಷಗಟ್ಲೆ ಕೇಳ್ತಾರೆ, ಇಲ್ಲಾಂದ್ರೆ ಬೇರೆ ಕಂಪನಿಗೆ ಮಾರ್ತಾರೆ. ಇದು ಒಬ್ಬಿಬ್ರ ಕಥೆ ಅಲ್ಲ, ಮ್ಯಾನ್ಮಾರಲ್ಲೇ ಕನಿಷ್ಠ 1,20,000 ಜನ ಹೀಗೆ ಸಿಕ್ಕಾಕೊಂಡಿರಬಹುದು ಅಂತ 2023ರಲ್ಲಿ ವಿಶ್ವಸಂಸ್ಥೆ ಅಂದಾಜು ಮಾಡಿತ್ತು. 2025ರ ಫೆಬ್ರವರೀಲಿ ಥಾಯ್ಲೆಂಡ್ ಆ ಕಡೆಗೆ ಕೊಡ್ತಿದ್ದ ಕರೆಂಟು, ಇಂಟರ್ನೆಟ್ಟು ಕಟ್ ಮಾಡ್ತು, ಮಾರ್ಚಲ್ಲಿ ನಮ್ಮ ವಾಯುಪಡೆ ವಿಮಾನಗಳು ಎರಡು ದಿನದಲ್ಲಿ 549 ಜನ ಭಾರತೀಯರನ್ನ ಕರ್ಕೊಂಡು ಬಂದ್ವು.

ಫಾರಿನ್ ಕೆಲ್ಸಾನೇ ಬೇಡ ಅಂತ ಹುಡುಗನಿಗೆ ಹೇಳ್ಬೇಡಿ, ಮನೇಲಿ ಕೂತಿರೋ ಸಂಕಟ ಅವನಿಗೇ ಗೊತ್ತು. ಏಜೆಂಟಿನ ಲೈಸೆನ್ಸ್ ನಂಬರ್ ಕೇಳಿ, ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ಪೋರ್ಟಲಲ್ಲಿ ಇದೆಯಾ ಅಂತ ನೀವೇ ಕೂತು ನೋಡಿ.

ಪ್ರಶ್ನೆ: ನಮ್ಮ ಪಕ್ಕದ್ಮನೆ ಹುಡುಗ ಮ್ಯಾನ್ಮಾರಿನ ಇಂಥದ್ದೇ ಒಂದು ಕಾಂಪೌಂಡಿಂದ ವಾಪಸ್ ಬಂದಿದಾನೆ. ತಾನೂ ಜನಕ್ಕೆ ಮೋಸ ಮಾಡಿದೀನಲ್ಲ ಅಂತ ಕಂಪ್ಲೇಂಟ್ ಕೊಡಕ್ಕೇ ಹೆದರ್ತಾನೆ.
— ಓದುಗರು, ಹಾಸನ

ಉತ್ತರ: ಅವನು ಒಪ್ಕೊಂಡೇ ಹೋಗಿದ್ರೂ ಸುಳ್ಳು ಹೇಳಿ ಕರ್ಕೊಂಡು ಹೋಗಿ ಬಲವಂತವಾಗಿ ದುಡಿಸಿದ್ರೆ ಅದು ಮಾನವ ಕಳ್ಳಸಾಗಣೆನೇ, ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ನಲ್ಲಿ ಬಲಿಯಾದವರ ಒಪ್ಪಿಗೆ ಲೆಕ್ಕಕ್ಕಿಲ್ಲ. ಆದ್ರೂ ಒಬ್ಬನೇ ಸ್ಟೇಷನ್ನಿಗೆ ಹೋಗೋದು ಬೇಡ. ಕೋರ್ಟ್ ಆವರಣದಲ್ಲಿರೋ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕರ್ಕೊಂಡು ಹೋಗಿ, ಕಳ್ಳಸಾಗಣೆಗೆ ಒಳಗಾದವ್ರಿಗೆ ಅಲ್ಲಿ ವಕೀಲರು ಫ್ರೀ. ಏಜೆಂಟಿನ ಚಾಟು, ದುಡ್ಡು ಕಳಿಸಿದ ರಸೀದಿ, ಟಿಕೆಟ್ಟು ಯಾವುದನ್ನೂ ಡಿಲೀಟ್ ಮಾಡ್ಬೇಡ ಅಂತ ಇವತ್ತೇ ಹೇಳಿ, ಆ ಏಜೆಂಟು ಈಗ್ಲೂ ಬೇರೆ ಹುಡುಗ್ರಿಗೆ ಮೆಸೇಜ್ ಮಾಡ್ತಿರ್ತಾನೆ.