ಮನೆ ಹಿಂದೆ ದರೆ (ಗುಡ್ಡ ಕಡಿದಲ್ಲಿ ಉಳಿದ ಮಣ್ಣಿನ ಗೋಡೆ), ಸುತ್ತ ನೀರು ನಿಲ್ಲುತ್ತದೆ, ಮಳೆ ಬಿಟ್ಟ ಮೇಲೂ ಅಂಗಳ ಆರಲ್ಲ. ಅಂಗಳಕ್ಕೆ ಕಾಂಕ್ರೀಟ್ ಹಾಕಿಸಲಾ, ಮಣ್ಣು ತುಂಬಿಸಲಾ?

ಎರಡೂ ಬೇಡ. ಕಾಂಕ್ರೀಟ್ ಹಾಕಿದರೆ ಮೇಲಿನ ಕೆಸರು ಹೋಗುತ್ತದೆ ಅಷ್ಟೇ, ಅಡಿಯಲ್ಲಿ ಬರುವ ನೀರು ಗೋಡೆ ಹಿಡಿದು ಮೇಲೇರುತ್ತದೆ. ಮಳೆ ಬಿಟ್ಟ ಮೇಲೂ ಅಂಗಳ ಆರಲ್ಲ ಅಂದಿರಲ್ಲ, ಹಾಗಿದ್ದರೆ ಅದು ಅಂಗಳದ ನೀರೇ ಅಲ್ಲ, ಗುಡ್ಡದ್ದು.

ನಮ್ಮದು ತೀರ್ಥಹಳ್ಳಿ ಕಡೆ, ದರೆ ಕಡಿದು ಕಟ್ಟಿದ ಮನೆ. ಮೇಲೆ ಜಂಬಿಟ್ಟಿಗೆ (ತೂತುತೂತಾದ ಕೆಂಪು ಕಲ್ಲು), ಅದರಡಿ ಶೇಡಿ ಮಣ್ಣು (ನುಣ್ಣನೆಯ ಜೇಡಿಯಂಥದ್ದು). ಮಳೆನೀರು ಜಂಬಿಟ್ಟಿಗೆಯಲ್ಲಿ ಸಲೀಸಾಗಿ ಇಳಿಯುತ್ತದೆ, ಶೇಡಿಯಲ್ಲಿ ಇಳಿಯಲ್ಲ, ಅದರ ಮೇಲೇ ಹರಿದು ದರೆಯ ಬುಡದಲ್ಲಿ ಒಸರುತ್ತದೆ. ಪುಷ್ಯ ಮಳೆ ಹೊತ್ತಿಗೆ ಅಡುಗೆಮನೆ ನೆಲದಲ್ಲೇ ಜಲ ಏಳುತ್ತಿತ್ತು. ಅದಕ್ಕೆ ದರೆಗೂ ಮನೆಗೂ ಮಧ್ಯೆ ಬಸಿಗಾಲುವೆ ತೆಗೆಸಿ, ತೂತಿನ ಪೈಪ್ ಇಟ್ಟು ಜಲ್ಲಿ ತುಂಬಿಸಿದೆವು. ಅಡಿಕೆ ತೋಟದಲ್ಲಿ ಮಾಡುವುದೂ ಇದನ್ನೇ ಅಲ್ವಾ, ಅಲ್ಲಿ ಪೈಪ್ ಇರಲ್ಲ ಅಷ್ಟೇ.

ಕೆಟ್ಟಿದ್ದು ಎಲ್ಲಿ ಅಂದರೆ, ಮನೆ ಕಡೆಯಿಂದ ಅಗೆಯಲು ಶುರು ಮಾಡಿದ್ದು. ಮನೆ ಹಿಂದೆ 3 ಅಡಿ ಆಳ ತೆಗೆದು, ರಸ್ತೆ ಕಡೆ ಇಳಿಜಾರು ಇದೆಯಲ್ಲ ಅಂತ ಕಣ್ಣಂದಾಜಿನಲ್ಲೇ ಅಗೆಯುತ್ತಾ ಹೋದರು, ನಾವೂ ಸುಮ್ನೆ ನೋಡುತ್ತಾ ನಿಂತೆವು. ಅಂಗಳ ಇಳಿಜಾರಾಗಿದ್ದದ್ದು ನಿಜ. ಆದರೆ ಪೈಪ್ ಇರುವುದು ಅಂಗಳದಿಂದ 3 ಅಡಿ ಕೆಳಗೆ, ಅದನ್ನು ಸೇರಿಸಿದ ರಸ್ತೆ ಚರಂಡಿಯ ತಳ ಪೈಪಿಗಿಂತ ಮೇಲೆ! ಜೋರು ಮಳೆಗೆ ಚರಂಡಿ ತುಂಬಿತು. ಆ ನೀರು ಪೈಪಿನೊಳಗೆ ಹಿಂದಕ್ಕೆ ಬಂದು, ಅದೇ ತೂತುಗಳಿಂದ ಹೊರಬಿದ್ದು ಸೀದಾ ನಮ್ಮ ಪಾಯಕ್ಕೆ ಇಳಿಯಿತು. ಗುಡ್ಡದ ನೀರಿನ ಜೊತೆ ರಸ್ತೆ ನೀರನ್ನೂ ಮನೆಗೆ ಕರೆದ ಹಾಗಾಯಿತು. ಗಿಲಾವು ಉದುರಿತು, ನೆಲ ಕುಸಿಯಿತು. ಮರುವರ್ಷ ಎಲ್ಲ ಕಿತ್ತು, ರಸ್ತೆ ಕಡೆ ಬಿಟ್ಟು, ಇನ್ನೊಂದು ಪಕ್ಕದಲ್ಲಿ ತಗ್ಗಿನಲ್ಲಿರುವ ನಮ್ಮದೇ ತೋಟದ ಕಾಲುವೆಗೆ ತಿರುಗಿಸಿದೆವು. ಈಗ ಅಡುಗೆಮನೆ ಒಣಗಿದೆ.

ಹಾಗಾಗಿ ನೀರು ಹೊರಗೆ ಬೀಳುವ ಜಾಗ ಮೊದಲು ಗೊತ್ತು ಮಾಡಿ, ಅಲ್ಲಿಂದ ಮನೆ ಕಡೆಗೆ ಅಗೆಯಿರಿ. ಟ್ಯೂಬ್ ಲೆವೆಲ್ (ಮಟ್ಟ ನೋಡುವ, ನೀರು ತುಂಬಿದ ಪಾರದರ್ಶಕ ಕೊಳವೆ) ಇಟ್ಟು ನೋಡದೆ ಒಂದು ಪೈಪೂ ಕೂರಿಸಬೇಡಿ. 100 ಅಡಿಗೆ 1 ಅಡಿ ಇಳಿತ ಇರಲಿ. 4 ಇಂಚಿನ ಪೈಪ್ ಸಾಕು, ತೂತುಗಳು ಕೆಳಮುಖವಾಗಿರಬೇಕು. ಜಲ್ಲಿಯ ಸುತ್ತ, ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಸುತ್ತಿಸಿ. ದುಡ್ಡು ಉಳಿಸಲು ಅದನ್ನು ಬಿಡುವವರೇ ಜಾಸ್ತಿ, ಆದರೆ ಶೇಡಿ ನೀರಿನ ಜೊತೆ ಕರಗಿ ಬಂದು ಪೈಪ್ ಕಟ್ಟಿಕೊಂಡರೆ ಮತ್ತೆ ಅಗೆಯಬೇಕು. ಗೋಡೆಗೆ ಒತ್ತಿ ಪಾಯದ ತಳಕ್ಕಿಂತ ಆಳ ತೆಗೆಯಬೇಡಿ, ಪಾಯದ ಕೆಳಗಿನ ಮಣ್ಣೇ ಜಾರುತ್ತದೆ. ಮಾಡಿನ (ಚಾವಣಿಯ) ನೀರನ್ನು ಈ ಪೈಪಿಗೆ ಬಿಡಲೇಬೇಡಿ, ಅದಕ್ಕೆ ಬೇರೆ ಮುಚ್ಚಿದ ಪೈಪ್ ಹಾಕಿಸಿ.

ಅಗೆತ ಬೇಸಿಗೆಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಕೊಡೆ ಹಿಡಿದು ದರೆಯ ಬುಡದಲ್ಲಿ ಓಡಾಡಿ, ಒಸರುವ ಜಾಗಕ್ಕೆಲ್ಲ ಗೂಟ ಹೊಡೆದಿಡಿ, ಬೇಸಿಗೆಯಲ್ಲಿ ಅದು ಕಣ್ಣಿಗೆ ಕಾಣಲ್ಲ.